ನೆಲ ಎಲ್ಲಿ ನಡುಗಿತು? ಯಾಕೆ ನಡುಗಿತು?

(ಕಲಿಕಾ ಕೇಂದ್ರದ ಸಂಜೆ ಸಭೆಯಲ್ಲಿ ಆಡಿದ ಮಾತು)



ಇವತ್ತಿನ ಮಾತು ಭೂಕಂಪದ ಬಗ್ಗೆ. ಭೂಕಂಪ ಅಂದ ಕೂಡಲೇ ನಮ್ಮ ಸೋಲಾಪುರ, ಅಕ್ಕಲಕೋಟ ಕಡೆಯವರ ಬಾಯಲ್ಲಿ ಒಂದೇ ಊರಿನ ಹೆಸರು ಬರುತ್ತದೆ. ಕಿಲ್ಲಾರಿ. ಲಾತೂರ ಜಿಲ್ಲೆಯ ಊರು. ಅಕ್ಕಲಕೋಟದಿಂದ ನೇರ ಗೆರೆ ಎಳೆದರೆ ಸುಮಾರು 70 ಕಿಲೋಮೀಟರ್.

1993ನೇ ಇಸವಿ. ಸೆಪ್ಟೆಂಬರ್ 29ರಂದು ಗಣಪತಿ ಕಳಿಸಿ ಜನ ದಣಿದು ಮಲಗಿದ್ದರು. ಮಾರನೇ ದಿನ, ಅಂದರೆ 30ನೇ ತಾರೀಖು, ಬೆಳಗಿನ ಜಾವ. 4 ಗಂಟೆ ಹೊಡೆಯಲು ಇನ್ನೂ ನಾಲ್ಕು ನಿಮಿಷ ಇತ್ತು. ನೆಲ ನಡುಗಿತು. ಒಂದು ನಿಮಿಷವೂ ಅಲ್ಲ, ಅದಕ್ಕೂ ಕಡಿಮೆ ಹೊತ್ತು. ಅಷ್ಟರಲ್ಲಿ ಊರಿಗೆ ಊರೇ ಕಲ್ಲಿನ ಗುಡ್ಡೆ ಆಯಿತು. ಲಾತೂರ, ಉಸ್ಮಾನಾಬಾದ ಜಿಲ್ಲೆಗಳಲ್ಲಿ ಸತ್ತವರು ಹತ್ತಿರ ಹತ್ತಿರ ಹತ್ತು ಸಾವಿರ ಜನ. ನಡುಕ ನಮ್ಮ ಊರುಗಳಿಗೂ ಬಂತು. ಆಚೆ ಕಲಬುರಗಿ, ಬೀದರ ಕಡೆಗೂ ಹೋಯಿತು.

ಅವತ್ತು ಎಲ್ಲರೂ ಕೇಳಿದ ಪ್ರಶ್ನೆ ಮೂರು. ಇದು ಶುರುವಾದದ್ದು ಎಲ್ಲಿ, ಅದು ಹೇಗೆ ಗೊತ್ತಾಗುತ್ತದೆ? ಅಲ್ಲಿಯೇ ಯಾಕೆ ಆಯಿತು? ನಾವು ಏನು ಮಾಡಬೇಕು? ಈ ಮೂರಕ್ಕೂ ಒಂದೊಂದಾಗಿ ಉತ್ತರ ನೋಡೋಣ.

ನಡುಕ ಅಲೆಯಾಗಿ ಬರುತ್ತದೆ

ಬಾವಿಗೆ ಕಲ್ಲು ಹಾಕಿದರೆ ಏನಾಗುತ್ತದೆ? ಕಲ್ಲು ಬಿದ್ದ ಕಡೆಯಿಂದ ಸುತ್ತಲೂ ಅಲೆ ಏಳುತ್ತದೆ. ಅಲೆ ದಂಡೆಗೆ ಬಂದು ಮುಟ್ಟುತ್ತದೆ. ಭೂಕಂಪವೂ ಹಾಗೇ. ನೆಲದ ಒಳಗೆ, ಬಹಳ ಆಳದಲ್ಲಿ, ಬಂಡೆ ಫಟ್ ಅಂತ ಮುರಿದು ಜಾರುತ್ತದೆ. ಮುರಿದ ಜಾಗದಿಂದ ಎಲ್ಲಾ ದಿಕ್ಕಿಗೂ ಅಲೆ ಓಡುತ್ತದೆ. ಆ ಅಲೆ ನಮ್ಮ ಮನೆಯ ಕೆಳಗೆ ಬಂದಾಗ ಮನೆ ನಡುಗುತ್ತದೆ.

ಈ ಅಲೆಯಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ತಳ್ಳುವ ಅಲೆ. ರೇಷನ್ ಅಂಗಡಿ ಮುಂದೆ ಸಾಲು ನಿಂತಿರುತ್ತೀರಿ. ಹಿಂದಿನವನು ಒಮ್ಮೆ ತಳ್ಳಿದರೆ ಅವನ ಮುಂದಿನವನು, ಅವನ ಮುಂದಿನವನು, ಹೀಗೆ ತಳ್ಳು ಮುಂದಕ್ಕೆ ಹೋಗುತ್ತದೆ ಅಲ್ಲೇನ್ರಿ? ಜನ ಇದ್ದಲ್ಲೇ ಇರುತ್ತಾರೆ, ತಳ್ಳು ಮಾತ್ರ ಸಾಗುತ್ತದೆ. ಇದು ಬೇಗ ಓಡುವ ಅಲೆ. ಬಂಡೆಯ ಒಳಗೆ ಒಂದು ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಹೋಗುತ್ತದೆ.

ಎರಡನೆಯದು ಅಲುಗಿಸುವ ಅಲೆ. ಹಗ್ಗದ ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಅಡ್ಡ ಜಾಡಿಸಿ ನೋಡ್ರಿ. ಹಗ್ಗದಲ್ಲಿ ಹಾವು ಹರಿದಂತೆ ಅಲೆ ಹೋಗುತ್ತದೆ. ಇದು ಸ್ವಲ್ಪ ನಿಧಾನ. ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ನಿಧಾನ ಬಂದರೂ ಜೋರು ಇದಕ್ಕೇ ಹೆಚ್ಚು. ಇದರ ಹಿಂದೆ ನೆಲದ ಮೈಮೇಲೆ ಹೊರಳುತ್ತ ಬರುವ ಅಲೆಗಳೂ ಇರುತ್ತವೆ. ಗೋಡೆ ಬೀಳಿಸುವುದು ಹೆಚ್ಚಾಗಿ ಹೀಗೆ ಹಿಂದೆ ಬರುವ ಅಲೆಗಳೇ.

ಭೂಕಂಪ ಕಂಡವರು ಹೇಳುವುದನ್ನು ಕೇಳಿರಬಹುದು. "ಮೊದಲು ಗುಡುಗಿದ ಹಾಗೆ ಸಪ್ಪಳ ಆಯ್ತು, ಒಂದು ಸಣ್ಣ ಧಕ್ಕೆ ಬಡೀತು, ಆಮೇಲೆ ಜೋರಾಗಿ ಅಲುಗಾಡಿತು" ಅನ್ನುತ್ತಾರೆ. ಅವರು ಹೇಳುವುದು ಸರಿ. ಮೊದಲು ಬಂದದ್ದು ತಳ್ಳುವ ಅಲೆ, ಆಮೇಲೆ ಬಂದದ್ದು ಅಲುಗಿಸುವ ಅಲೆ.

ದೂರ ಲೆಕ್ಕ ಹಾಕುವುದು ಹೇಗೆ?

ಒಂದೇ ಊರಿಂದ ಒಂದೇ ಹೊತ್ತಿಗೆ ಇಬ್ಬರು ಹೊರಡುತ್ತಾರೆ ಅನ್ನಿ. ಒಬ್ಬ ಮೋಟಾರ್ ಸೈಕಲ್ ಮೇಲೆ. ಗಂಟೆಗೆ 30 ಕಿಲೋಮೀಟರ್. ಇನ್ನೊಬ್ಬ ಸೈಕಲ್ ಮೇಲೆ. ಗಂಟೆಗೆ 15 ಕಿಲೋಮೀಟರ್.

15 ಕಿಲೋಮೀಟರ್ ದೂರದ ಊರಿಗೆ ಮೋಟಾರ್ ಸೈಕಲ್ಲಿನವನು ಅರ್ಧ ಗಂಟೆಗೆ ಬರುತ್ತಾನೆ. ಸೈಕಲ್ಲಿನವನು ಒಂದು ಗಂಟೆಗೆ ಬರುತ್ತಾನೆ. ನಡುವೆ ಅರ್ಧ ಗಂಟೆ ಅಂತರ.

30 ಕಿಲೋಮೀಟರ್ ದೂರದ ಊರಿಗೆ ಒಬ್ಬನಿಗೆ ಒಂದು ಗಂಟೆ, ಇನ್ನೊಬ್ಬನಿಗೆ ಎರಡು ಗಂಟೆ. ನಡುವೆ ಒಂದು ಗಂಟೆ ಅಂತರ.

ಏನು ತಿಳೀತು? ದೂರ ಹೆಚ್ಚಾದಂತೆ ಅಂತರ ಹೆಚ್ಚಾಗುತ್ತದೆ. ಅವರು ಎಷ್ಟು ಹೊತ್ತಿಗೆ ಹೊರಟರೋ ನಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಇಬ್ಬರೂ ಬಂದ ಅಂತರ ನೋಡಿದರೆ ಎಷ್ಟು ದೂರದಿಂದ ಬಂದರು ಅಂತ ಹೇಳಬಹುದು.

ಭೂಕಂಪಕ್ಕೂ ಇದೇ ಲೆಕ್ಕ. ಕಿಲ್ಲಾರಿಯಿಂದ ಸೋಲಾಪುರಕ್ಕೆ ನೇರ ಗೆರೆಯಲ್ಲಿ 80 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಲೆಕ್ಕಕ್ಕೆ 84 ಅಂತ ಇಟ್ಟುಕೊಳ್ಳೋಣ. ತಳ್ಳುವ ಅಲೆ 14 ಸೆಕೆಂಡಿಗೆ ಬರುತ್ತದೆ. ಅಲುಗಿಸುವ ಅಲೆ 24 ಸೆಕೆಂಡಿಗೆ ಬರುತ್ತದೆ. ನಡುವೆ 10 ಸೆಕೆಂಡ್ ಅಂತರ. ಅಂದರೆ ಒಂದೊಂದು ಸೆಕೆಂಡ್ ಅಂತರಕ್ಕೆ 8 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ವಿಜ್ಞಾನಿಗಳು ಮೊದಲು ನೋಡುವುದು ಈ ಅಂತರವನ್ನೇ.

ಅಲೆ ಬಂದದ್ದನ್ನು ಬರೆದಿಡುವ ಯಂತ್ರ ಇದೆ. ಅದಕ್ಕೆ ಭೂಕಂಪ ಮಾಪಕ ಅನ್ನುತ್ತಾರೆ. ಬಸ್ಸು ಒಮ್ಮೆಲೆ ಮುಂದೆ ಹೋದಾಗ ನಮ್ಮ ಮೈ ಹಿಂದಕ್ಕೆ ಉಳಿಯುತ್ತದೆ ಅಲ್ಲವೇ? ಈ ಯಂತ್ರದ ಗುಟ್ಟೂ ಅದೇ. ಯಂತ್ರದಲ್ಲಿ ಒಂದು ಭಾರ ತೂಗಿರುತ್ತದೆ. ನೆಲ ಅಲುಗಿದಾಗ ಯಂತ್ರದ ಚೌಕಟ್ಟು ನೆಲದ ಜೊತೆ ಅಲುಗುತ್ತದೆ. ತೂಗಿದ ಭಾರ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಹಿಂದೆ ಈ ವ್ಯತ್ಯಾಸವನ್ನು ಸುರುಳಿ ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತಿದ್ದರು. ಈಗ ಕಂಪ್ಯೂಟರಿಗೆ ಹೋಗುತ್ತದೆ. ಮನುಷ್ಯನಿಗೆ ತಿಳಿಯದ ಸಣ್ಣ ನಡುಕವೂ ಅದಕ್ಕೆ ತಿಳಿಯುತ್ತದೆ.

ಮೂರು ದನ, ಮೂರು ಹಗ್ಗ

ದೂರ ಗೊತ್ತಾಯಿತು. ಆದರೆ ದಿಕ್ಕು? ಸೋಲಾಪುರದಿಂದ 84 ಕಿಲೋಮೀಟರ್ ಅಂದರೆ ಪೂರ್ವಕ್ಕೋ, ಪಶ್ಚಿಮಕ್ಕೋ? ಒಂದೇ ಯಂತ್ರದ ದೂರದ ಲೆಕ್ಕದಿಂದ ಅದು ತಿಳಿಯುವುದಿಲ್ಲ.

ಹೊಲದಲ್ಲಿ ಗೂಟ ಬಡಿದು ದನ ಕಟ್ಟುತ್ತೀರಿ. ಹಗ್ಗ ಬಿಗಿಹಿಡಿದು ದನ ಸುತ್ತಿದರೆ ನೆಲದ ಮೇಲೆ ಒಂದು ಸುತ್ತು ಬೀಳುತ್ತದೆ. ಆ ಸುತ್ತಿನ ಮೇಲೆ ದನ ಎಲ್ಲಿ ಬೇಕಾದರೂ ನಿಂತಿರಬಹುದು. ಈಗ ಮೂರು ಕಡೆ ಮೂರು ಗೂಟ ಬಡಿಯಿರಿ. ಮೂರು ದನ ಕಟ್ಟಿ. ಒಂದೊಂದರ ಹಗ್ಗ ಒಂದೊಂದು ಉದ್ದ. ಮೂರೂ ಹಗ್ಗ ಬಿಗಿಯಾಗಿ ಎಳೆದುಕೊಂಡು, ಮೂರೂ ದನ ಒಂದೇ ಹಿಡಿ ಹುಲ್ಲಿಗೆ ಬಾಯಿ ಹಾಕಿವೆ ಅನ್ನಿ. ಅಂಥ ಜಾಗ ಒಂದೇ ಒಂದು ಇರುತ್ತದೆ.

ಗೂಟ ಅಂದರೆ ಯಂತ್ರ ಇರುವ ಊರು. ಹಗ್ಗದ ಉದ್ದ ಅಂದರೆ ಲೆಕ್ಕ ಹಾಕಿದ ದೂರ. ನಕಾಶೆಯ ಮೇಲೆ ಮೂರು ಊರಿನಿಂದ ಮೂರು ಸುತ್ತು ಬರೆದಾಗ ಅವು ಕೂಡುವ ಜಾಗವೇ ಭೂಕಂಪದ ಕೇಂದ್ರ. ನಾಲ್ಕು, ಐದು, ಹತ್ತು ಊರಿನ ಲೆಕ್ಕ ಸಿಕ್ಕರೆ ಇನ್ನೂ ಗಟ್ಟಿ. ಎಷ್ಟು ಆಳದಲ್ಲಿ ಬಂಡೆ ಮುರಿಯಿತು ಅನ್ನುವುದೂ ತಿಳಿಯುತ್ತದೆ. ಇವತ್ತು ಕಂಪ್ಯೂಟರ್ ಈ ಲೆಕ್ಕವನ್ನು ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಒಂದು ಶರತ್ತು ಇದೆ. ಎಲ್ಲಾ ಊರಿನ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಅದಕ್ಕೆ ಆಕಾಶದ ಉಪಗ್ರಹದಿಂದ ಸಮಯ ತೆಗೆದುಕೊಳ್ಳುತ್ತಾರೆ.

ನಮ್ಮ ದೇಶದಲ್ಲಿ ಈ ಕೆಲಸ ಹಳೆಯದು. 1897ರಲ್ಲಿ ಅಸ್ಸಾಮಿನ ಕಡೆ ಬಹಳ ದೊಡ್ಡ ಭೂಕಂಪ ಆಯಿತು. ಮಾರನೇ ವರ್ಷ, 1898ರಲ್ಲಿ, ಕಲ್ಕತ್ತೆಯ ಅಲಿಪುರದಲ್ಲಿ ಮೊದಲ ಭೂಕಂಪ ವೀಕ್ಷಣಾಲಯ ಆಯಿತು. ಆರ್. ಡಿ. ಓಲ್ಡ್‌ಹ್ಯಾಮ್ ಅನ್ನುವ ವಿಜ್ಞಾನಿ ಭಾರತದಲ್ಲಿ ಕೆಲಸ ಮಾಡುತ್ತಿದ್ದರು. ಆ ಅಸ್ಸಾಮ್ ಭೂಕಂಪದ ಗೆರೆಗಳನ್ನು ನೋಡಿ, ಅಲೆಗಳು ಬೇರೆ ಬೇರೆ ಜಾತಿ, ಬೇರೆ ಬೇರೆ ವೇಗ ಅಂತ ಗುರುತಿಸಿದವರು ಅವರೇ. ಈಗ ದೆಹಲಿಯ ರಾಷ್ಟ್ರೀಯ ಭೂಕಂಪ ಕೇಂದ್ರಕ್ಕೆ ದೇಶದ 150ಕ್ಕೂ ಹೆಚ್ಚು ಕಡೆಯಿಂದ ಯಂತ್ರದ ಸುದ್ದಿ ಬರುತ್ತದೆ.

ಮಡಕಶಿರಾ, ಹಿಂದೂಪುರ ಕಡೆಯ ಕನ್ನಡದವರಿಗೆ ಗೌರಿಬಿದನೂರು ಗೊತ್ತೇ ಇದೆ. ಅಲ್ಲಿ 1965ರಿಂದ ಭಾಭಾ ಅಣು ಸಂಶೋಧನಾ ಕೇಂದ್ರದವರ ಯಂತ್ರಗಳಿವೆ. ಬಡಗಿಯ ಮೂಲೆಮಟ್ಟದ ಆಕಾರದಲ್ಲಿ, ಎರಡು ಸಾಲಾಗಿ, ಮೈಲುಗಟ್ಟಲೆ ಉದ್ದಕ್ಕೆ ಯಂತ್ರ ಇಟ್ಟಿದ್ದಾರೆ. ಯಾವ ದೇಶ ನೆಲದ ಒಳಗೆ ಅಣುಬಾಂಬ್ ಸಿಡಿಸಿತು ಅಂತ ತಿಳಿಯಲು ಅದನ್ನು ಮಾಡಿದ್ದು. ಅಲೆ ಯಾವ ಯಂತ್ರಕ್ಕೆ ಮೊದಲು ಬಂತು, ಯಾವುದಕ್ಕೆ ಆಮೇಲೆ ಬಂತು ಅಂತ ನೋಡಿ ದಿಕ್ಕನ್ನೂ ಹೇಳುತ್ತಾರೆ.

ನೆಲ ಯಾಕೆ ನಡುಗುತ್ತದೆ?

ಆದಿಶೇಷ ತಲೆ ಹೊರಳಿಸಿದರೆ ಭೂಮಿ ನಡುಗುತ್ತದೆ ಅಂತ ಹಿರಿಯರು ಕತೆ ಹೇಳುತ್ತಿದ್ದರು. ಅವರು ಕತೆಯಲ್ಲಿ ಹೇಳಿದ ಒಂದು ಮಾತು ನಿಜ. ನಾವು ನಿಂತ ನೆಲ ಸುಮ್ಮನೆ ನಿಂತಿಲ್ಲ. ಅದರ ಕೆಳಗೆ ಚಲನೆ ಇದೆ.

ಭೂಮಿಯ ಮೇಲಿನ ಗಟ್ಟಿ ಕವಚ ಒಂದೇ ತುಂಡಲ್ಲ. ಒಡೆದ ಮಡಕೆಯ ಚೂರುಗಳನ್ನು ಜೋಡಿಸಿದಂತೆ ದೊಡ್ಡ ದೊಡ್ಡ ತುಂಡುಗಳಿವೆ. ಇವಕ್ಕೆ ಫಲಕ ಅನ್ನುತ್ತಾರೆ. ಫಲಕಗಳು ಬಹಳ ನಿಧಾನವಾಗಿ ಸರಿಯುತ್ತವೆ. ನಮ್ಮ ಉಗುರು ಬೆಳೆಯುವಷ್ಟು ನಿಧಾನ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರದ ಕಡೆ ಹೋಗುತ್ತಿದೆ. ಅಂದರೆ ಎರಡು ಅಂಗುಲ. ಸುಮಾರು 5 ಕೋಟಿ ವರ್ಷದ ಹಿಂದೆ ಅದು ಏಷ್ಯಾದ ಫಲಕಕ್ಕೆ ಹೋಗಿ ಡಿಕ್ಕಿ ಹೊಡೆಯಿತು. ಇವತ್ತಿಗೂ ತಳ್ಳುತ್ತಲೇ ಇದೆ. ಆ ತಳ್ಳಾಟದಲ್ಲಿ ನೆಲ ಮಡಚಿಕೊಂಡು ಮೇಲೆದ್ದದ್ದೇ ಹಿಮಾಲಯ.

ತಳ್ಳುವಾಗ ಅಂಚಿನ ಬಂಡೆಗಳು ಸಲೀಸಾಗಿ ಜಾರುವುದಿಲ್ಲ. ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಒಣ ಜಾಲಿ ಬರಲನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡ್ರಿ. ಬಗ್ಗುತ್ತದೆ, ಬಗ್ಗುತ್ತದೆ, ಒಮ್ಮೆಲೆ ಲಟ್ ಅಂತ ಮುರಿಯುತ್ತದೆ. ಕೈಗೆ ಝುಮ್ ಅನ್ನುತ್ತದೆ. ಬಂಡೆಯೂ ನೂರಾರು ವರ್ಷ ಒತ್ತಡ ತಡೆಯುತ್ತದೆ. ತಡೆಯಲಾರದೆ ಹೋದ ದಿನ ಮುರಿದು ಜಾರುತ್ತದೆ. ಕೂಡಿಟ್ಟ ಶಕ್ತಿ ಅಲೆಯಾಗಿ ಹೊರಬರುತ್ತದೆ. ಅದೇ ಭೂಕಂಪ.

ಆದ್ದರಿಂದ ಫಲಕಗಳ ಅಂಚಿನಲ್ಲಿ ಭೂಕಂಪ ಹೆಚ್ಚು. 1905ರಲ್ಲಿ ಕಾಂಗ್ರಾ, 1950ರಲ್ಲಿ ಅಸ್ಸಾಮ್, 2015ರಲ್ಲಿ ನೇಪಾಳ, ಎಲ್ಲವೂ ಹಿಮಾಲಯದ ಉದ್ದಕ್ಕೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಸಮುದ್ರದ ತಳದಲ್ಲಿ ಆದದ್ದೂ ಫಲಕದ ಅಂಚಿನಲ್ಲೇ. ಅದರಿಂದ ಎದ್ದ ಸುನಾಮಿ ತಮಿಳುನಾಡಿನ ಕಡಲ ದಂಡೆಗೂ ಬಂತು.

ಹಾಗಾದರೆ ಕಿಲ್ಲಾರಿಯಲ್ಲಿ ಯಾಕೆ?

ನಮ್ಮದು ಅಂಚಲ್ಲ, ನಡುಭಾಗ. ಹಿಮಾಲಯ ಎಲ್ಲಿ, ಕಿಲ್ಲಾರಿ ಎಲ್ಲಿ! ಹಿಂದೆ ಸರಕಾರದ ಭೂಕಂಪ ನಕಾಶೆಯಲ್ಲೂ ಕಿಲ್ಲಾರಿ ಒಂದನೇ ವಲಯದಲ್ಲಿತ್ತು. ಅಂದರೆ ಎಲ್ಲಕ್ಕಿಂತ ಕಡಿಮೆ ಭಯದ ಜಾಗ.

ಆದರೆ ಗಾಡಿಯ ಮೂಕಿಯನ್ನು ಗೋಡೆಗೆ ಒತ್ತಿದರೆ, ಒತ್ತಡ ಮೂಕಿಯ ತುದಿಯಲ್ಲಿ ಮಾತ್ರ ನಿಲ್ಲುವುದಿಲ್ಲ. ಇಡೀ ಮೂಕಿಗೂ ಬರುತ್ತದೆ. ಮೂಕಿಯ ನಡುವೆ ಎಲ್ಲೋ ಹಳೆಯ ಬಿರುಕು ಇದ್ದರೆ ಅದು ಅಲ್ಲಿ ಸೀಳುತ್ತದೆ. ಹಾಗೆಯೇ ಹಿಮಾಲಯದ ಒತ್ತಡ ನಮ್ಮ ದಖನಿನ ಬಂಡೆಗೂ ಇದೆ. ನಮ್ಮ ಕರಿಕಲ್ಲು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ನೆಲದಿಂದ ಉಕ್ಕಿ ಹರಿದ ಲಾವಾ. ಭೂಕಂಪದ ನಂತರ ವಿಜ್ಞಾನಿಗಳು ಕಿಲ್ಲಾರಿಯಲ್ಲಿ ಬೋರ್ ಕೊರೆದು ನೋಡಿದರು. ಕರಿಕಲ್ಲಿನ ದಪ್ಪ ಸುಮಾರು 340 ಮೀಟರ್. ಅದರ ಕೆಳಗೆ ಅದಕ್ಕಿಂತ ಬಹಳ ಹಳೆಯ ಬಂಡೆ. ಕೆಳಗಿನ ಬಂಡೆಯಲ್ಲಿ ಹಳೆಯ ಬಿರುಕು ಇದ್ದರೆ ಮೇಲಿಂದ ಕಾಣುವುದಿಲ್ಲ. ಕಂಬಳಿ ಹೊದ್ದವನ ಗಾಯ ಹೊರಗೆ ಕಾಣದ ಹಾಗೆ.

ನಡುಭಾಗದಲ್ಲಿ ಇಂಥ ಭೂಕಂಪ ಅಪರೂಪ. ಆದರೆ ಆಗುವುದೇ ಇಲ್ಲ ಅನ್ನುವಂತಿಲ್ಲ. 1967ರ ಡಿಸೆಂಬರ್ 11ರಂದು ಸಾತಾರಾ ಜಿಲ್ಲೆಯ ಕೋಯ್ನಾದಲ್ಲಿ ಆಯಿತು. ಸುಮಾರು 180 ಜನ ಸತ್ತರು. ಅಲ್ಲಿ ದೊಡ್ಡ ಅಣೆಕಟ್ಟಿನ ನೀರು 1962ರಿಂದ ತುಂಬಲು ಶುರುವಾಗಿತ್ತು. ನೀರಿನ ಭಾರ ಮತ್ತು ಬಿರುಕಿಗೆ ಇಳಿದ ನೀರು ಸೇರಿ, ಮೊದಲೇ ಒತ್ತಡದಲ್ಲಿದ್ದ ಬಂಡೆಯನ್ನು ಜಾರಿಸಿತು ಅಂತ ವಿಜ್ಞಾನಿಗಳು ಹೇಳುತ್ತಾರೆ.

ಕಿಲ್ಲಾರಿಯ ನಂತರ ನಕಾಶೆ ಬದಲಾಯಿತು. 2002ರಲ್ಲಿ ಒಂದನೇ ವಲಯ ಅನ್ನುವುದನ್ನೇ ತೆಗೆದುಹಾಕಿದರು. ಲಾತೂರ ಕಡೆಯ ಊರುಗಳು ಮೂರನೇ ವಲಯಕ್ಕೆ ಬಂದವು. ಭಯವೇ ಇಲ್ಲದ ನೆಲ ಅಂತ ನಮ್ಮ ದೇಶದಲ್ಲಿ ಯಾವುದೂ ಇಲ್ಲ ಅಂತ ಒಪ್ಪಿಕೊಂಡ ಹಾಗಾಯಿತು.

ಕೊಂದದ್ದು ನೆಲವೋ, ಗೋಡೆಯೋ?

ಈಗ ಒಂದು ಲೆಕ್ಕ ಕೇಳಿ. ಕಿಲ್ಲಾರಿ ಭೂಕಂಪದ ಬಲ 6ಕ್ಕಿಂತ ಸ್ವಲ್ಪ ಹೆಚ್ಚು. 2001ರ ಜನವರಿ 26ರಂದು ಗುಜರಾತಿನ ಭುಜ್ ಕಡೆ ಆದದ್ದರ ಬಲ 7.7. ಈ ಅಳತೆಯಲ್ಲಿ ಒಂದು ಅಂಕಿ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. ಆದ್ದರಿಂದ ಭುಜ್ ಭೂಕಂಪದ ಶಕ್ತಿ ಕಿಲ್ಲಾರಿಗಿಂತ ನೂರು ಪಟ್ಟಿಗೂ ಹೆಚ್ಚು. ಹಾಗಿದ್ದರೂ ಕಿಲ್ಲಾರಿಯ ಸುತ್ತಿನ ಸಣ್ಣ ಸಣ್ಣ ಹಳ್ಳಿಗಳಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಜೀವ ಹೋಯಿತು. ಯಾಕೆ?

ಒಂದು, ಬಂಡೆ ಮುರಿದದ್ದು ಹೆಚ್ಚು ಆಳದಲ್ಲಿ ಅಲ್ಲ. ಎರಡು, ಎಲ್ಲರೂ ಮನೆಯೊಳಗೆ ಮಲಗಿದ್ದರು. ಮೂರು, ಮನೆಗಳು. ಇದೇ ದೊಡ್ಡ ಕಾರಣ.

ಆ ಮನೆಗಳು ನಮ್ಮ ಮನೆಗಳ ಹಾಗೇ ಇದ್ದವು. ಎರಡು ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಒಳಗೊಂದು ಮುಖ, ಹೊರಗೊಂದು ಮುಖ, ನಡುವೆ ಚೂರುಗಲ್ಲು, ಮಣ್ಣು. ಎರಡು ಮುಖವನ್ನೂ ಹಿಡಿದಿಡುವ ಉದ್ದನೆಯ ಕಲ್ಲು ಇಲ್ಲ. ಮೇಲೆ ಮಣ್ಣಿನ ಮಾಳಿಗೆ. ಸೋರುತ್ತದೆ ಅಂತ ಮಳೆಗಾಲಕ್ಕೆ ಮುಂಚೆ ಮತ್ತೆ ಮತ್ತೆ ಮಣ್ಣು ಹಾಕಿ ಹಾಕಿ ಅಡಿಗಟ್ಟಲೆ ದಪ್ಪ. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ಒಳ್ಳೆಯ ಮನೆಯೇ. ಆದರೆ ಅಡ್ಡ ಅಲುಗಿದಾಗ ಗೋಡೆಯ ಎರಡು ಮುಖ ಬೇರೆ ಬೇರೆಯಾಗಿ ಕುಸಿದವು. ಎಷ್ಟೋ ಮನೆಗಳಲ್ಲಿ ಮರದ ಕಂಬ ತೊಲೆ ನಿಂತೇ ಇದ್ದವು, ಗೋಡೆ ಮಾತ್ರ ಮಲಗಿದವರ ಮೇಲೆ ಬಿತ್ತು. ಪಕ್ಕದ ಗುಡಿಸಲಲ್ಲಿ ಇದ್ದವರು ಬದುಕಿ ಉಳಿದರು. ಕಲ್ಲಿನ ಮನೆ ಕಟ್ಟಿಸಿದ ಅನುಕೂಲಸ್ಥರು ಹೋದರು, ಹುಲ್ಲು ಹೊದಿಸಿದ ಬಡವ ಉಳಿದ.

ನೆಲದ ನಡುಕ ನಮ್ಮ ಕೈಯಲ್ಲಿ ಇಲ್ಲ. ಗೋಡೆ ನಮ್ಮ ಕೈಯಲ್ಲಿ ಇದೆ.

ಮನೆ ಕಟ್ಟುವಾಗ ಗೌಂಡಿಗೆ ಇಷ್ಟು ಹೇಳಿ. ಗೋಡೆಯ ಎರಡೂ ಮುಖ ಹಿಡಿಯುವ ಉದ್ದ ಕಲ್ಲನ್ನು ಮೂರು ನಾಲ್ಕು ಅಡಿಗೊಂದು ಇಡಲಿ. ಮೂಲೆಯಲ್ಲಿ ಕಲ್ಲು ಒಂದಕ್ಕೊಂದು ಹೆಣೆದಿರಲಿ. ತಳಪಾಯದ ಮಟ್ಟದಲ್ಲಿ, ಬಾಗಿಲ ಮೇಲ್ಮಟ್ಟದಲ್ಲಿ, ಮಾಳಿಗೆಯ ಕೆಳಗೆ, ಕಬ್ಬಿಣದ ಸಲಾಕೆ ಹಾಕಿದ ಸಿಮೆಂಟ್ ಪಟ್ಟಿ ಮನೆಯ ಸುತ್ತ ಒಂದೇ ಸಮ ಬರಲಿ. ಮಗುವಿನ ನಡುವಿಗೆ ಉಡದಾರ ಕಟ್ಟಿದಂತೆ ಅದು ಮನೆಯನ್ನು ಕಟ್ಟಿ ಹಿಡಿಯುತ್ತದೆ. ಬಾಗಿಲು ಕಿಟಕಿ ಮೂಲೆಗೆ ಅಂಟಿರುವುದು ಬೇಡ. ಹಳೆಯ ಮನೆ ಇದ್ದರೆ ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಿ, ಸೋರದ ಹಾಗೆ ಬೇರೆ ದಾರಿ ಮಾಡಿ. ಮಲಗುವ ಜಾಗದ ಮೇಲಿನ ಅಟ್ಟದಲ್ಲಿ ಭಾರದ ಸಾಮಾನು ಇಡಬೇಡಿ.

ಮೊದಲೇ ಹೇಳಬಹುದೇ?

ಕಿಲ್ಲಾರಿಯಲ್ಲಿ ಒಂದು ವರ್ಷ ಮೊದಲು, 1992ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಸಣ್ಣ ಸಣ್ಣ ನಡುಕ ಬಂದಿದ್ದವು. ಆಮೇಲೆ ನಿಂತವು. ಜನ ಸಮಾಧಾನವಾದರು. "ಅದನ್ನು ನೋಡಿ ಮೊದಲೇ ಹೇಳಬಾರದಿತ್ತೇ?" ಅಂತ ಇವತ್ತಿಗೂ ಕೇಳುವವರಿದ್ದಾರೆ. ನೋವಿನ ಪ್ರಶ್ನೆ ಅದು. ಆದರೆ ಎಷ್ಟೋ ಊರುಗಳಲ್ಲಿ ಸಣ್ಣ ನಡುಕ ಬರುತ್ತವೆ, ಹೋಗುತ್ತವೆ, ದೊಡ್ಡದು ಬರುವುದೇ ಇಲ್ಲ. ಯಾವ ಸಣ್ಣದರ ಹಿಂದೆ ದೊಡ್ಡದು ಇದೆ ಅಂತ ಮೊದಲೇ ಗುರುತಿಸುವ ವಿದ್ಯೆ ಜಗತ್ತಿನಲ್ಲಿ ಯಾರ ಹತ್ತಿರವೂ ಇಲ್ಲ. ಎಲ್ಲಿ ಭಯ ಹೆಚ್ಚು ಅಂತ ಹೇಳಬಹುದು. ಯಾವ ದಿನ, ಯಾವ ಹೊತ್ತು ಅಂತ ಹೇಳಲಾಗದು.

ಜಪಾನಿನಲ್ಲಿ 2007ರಿಂದ ಜನರಿಗೆ ಎಚ್ಚರಿಕೆ ಕೊಡುತ್ತಾರೆ. ಅದು ಭವಿಷ್ಯ ಅಲ್ಲ. ಬಂಡೆ ಮುರಿದಾಗಿದೆ. ತಳ್ಳುವ ಅಲೆ ಬಂದ ಕೂಡಲೇ, ಜೋರಿನ ಅಲೆ ಬರುವ ಮೊದಲು, ಸುದ್ದಿ ಕಳಿಸುತ್ತಾರೆ. ಸಿಗುವುದು ಕೆಲವು ಸೆಕೆಂಡ್ ಮಾತ್ರ. ಕೇಂದ್ರದ ಹತ್ತಿರ ಇದ್ದವರಿಗೆ ಅದೂ ಸಿಗುವುದಿಲ್ಲ.

ಹಾಗಾಗಿ "ಇವತ್ತು ರಾತ್ರಿ ಎರಡು ಗಂಟೆಗೆ ಭೂಕಂಪ ಆಗುತ್ತದಂತೆ" ಅಂತ ಮೊಬೈಲಿನಲ್ಲಿ ಬಂದರೆ ನಂಬಬೇಡಿ. ಮುಂದೆ ಕಳಿಸಬೇಡಿ. ನೀವು ಈಗ ಓದಲು ಕಲಿತಿದ್ದೀರಿ. ಓದಿದ್ದನ್ನೆಲ್ಲ ನಂಬಬೇಕು ಅಂತಿಲ್ಲ. ಯಾರು ಬರೆದರು, ಅವರಿಗೆ ಹೇಗೆ ಗೊತ್ತಾಯಿತು ಅಂತ ಕೇಳುವುದೂ ಓದಿನ ಒಂದು ಭಾಗ.

ನಡುಕ ಬಂದೇ ಬಿಟ್ಟರೆ? ಕಲ್ಲು ಮಣ್ಣಿನ ಮನೆಯಲ್ಲಿ ಬಾಗಿಲ ಹತ್ತಿರ ಇದ್ದರೆ ಬಯಲಿಗೆ ಓಡಿ, ಗೋಡೆಯಿಂದ, ಕರೆಂಟ್ ಕಂಬದಿಂದ ದೂರ ನಿಲ್ಲಿ. ಗಟ್ಟಿ ಮನೆಯೊಳಗೆ ಇದ್ದರೆ ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಸೇರಿ, ತಲೆ ಮುಚ್ಚಿಕೊಂಡು, ಅದರ ಕಾಲು ಹಿಡಿದುಕೊಳ್ಳಿ. ನಿಂತ ಮೇಲೆ ಹೊರಗೆ ಬನ್ನಿ. ಒಲೆ ಆರಿಸಿ, ಗ್ಯಾಸ್ ಬಂದ್ ಮಾಡಿ. ಬಿರುಕು ಬಿಟ್ಟ ಮನೆಗೆ ಕೂಡಲೇ ಹೋಗಬೇಡಿ. ಹಿಂದಿನಿಂದ ಮತ್ತೆ ನಡುಕ ಬರುತ್ತವೆ. ಅರ್ಧ ನಿಂತ ಗೋಡೆ ಆಗ ಬೀಳುತ್ತದೆ.

ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡ್ರಿ. ನಿಮ್ಮ ಮನೆಯ ಮಾಳಿಗೆ ಹತ್ತಿ, ಮಣ್ಣು ಎಷ್ಟು ದಪ್ಪ ಇದೆ ಅಂತ ಗೇಣಿನಿಂದ ಅಳೆಯಿರಿ. ಗೋಡೆಯ ಹೊಟ್ಟೆ ಎಲ್ಲಾದರೂ ಉಬ್ಬಿದೆಯೇ ನೋಡಿ. ಪಟ್ಟಿಯಲ್ಲಿ ಬರೆದುಕೊಂಡು ಮುಂದಿನ ವಾರ ತನ್ನಿ. ಯಾರ ಮನೆಗೆ ಮೊದಲು ಕೈ ಹಚ್ಚಬೇಕು ಅಂತ ಎಲ್ಲರೂ ಕೂಡಿ ಮಾತಾಡೋಣ.